ಮಾಳವ್ವನ ಎರಡನೆಯ ಒಲೆ

ಹೋಟೆಲಿನ ಟೇಬಲ್ ನಡುವೆ ಒಂದು ಕುಳಿ. ಕುಳಿಯೊಳಗೆ ಕೆಂಡ. ಕೆಂಡದ ಮೇಲೆ ಕಂಬಿಗೆ ಚುಚ್ಚಿಸಿಕೊಂಡು ಮಲಗಿದ್ದದ್ದು ಅನಾನಸ್.

ಅದನ್ನು ನೋಡಿ ನನ್ನ ಬಾಸ್ ಸಕ್ಸೇನಾ ಸಾಹೇಬರು ಮುಖ ಸಿಂಡರಿಸಿದರು. ಲಖನೌದವರು. ಕಬಾಬಿನ ವಿಷಯದಲ್ಲಿ ಅವರ ಜೊತೆ ವಾದ ಮಾಡುವುದೂ ಒಂದೇ, ಕುಂದಾದ ವಿಷಯದಲ್ಲಿ ಬೆಳಗಾವಿಯವರ ಜೊತೆ ವಾದ ಮಾಡುವುದೂ ಒಂದೇ. (ಮಾಡಬೇಡಿ. ಗೆಲ್ಲುವುದಿಲ್ಲ.)

“ಇಂಥ ಬಾರ್ಬೆಕ್ಯೂ ದಿಲ್ಲಿಯಲ್ಲೂ ಇದೆ, ದುಬೈಯಲ್ಲೂ ಇದೆ. ನಿಮ್ಮೂರಿನದು ಯಾವುದು?” ಎಂದು ಕೇಳಿದರು.

ನಿಮ್ಮೂರಿನದು! ಆ ಮಾತು ನನ್ನನ್ನು ಕೆಣಕಿತು. ನಿಮಗೆ ಗೊತ್ತೇ ಇದೆ, ಹೊಟ್ಟೆಪಾಡಿಗೆ ನಾನು ಫೌಂಡ್ರಿಗಳಿಗೆ ಮಷಿನ್ ಮಾರುವವನು. ಅಂಕಣ ಬರೆಯುವುದು ಚಟ. ಮನೆ ಹುಬ್ಬಳ್ಳಿಯಲ್ಲಿ, ಆದರೆ ಹುಟ್ಟಿ ಹದಿನೈದು ವರ್ಷ ಬೆಳೆದದ್ದು ಖಾನಾಪುರ ತಾಲೂಕಿನ ಪಾರಿಶ್ವಾಡದಲ್ಲಿ. ಈಗ ಸಕ್ಸೇನಾ ಜೊತೆ ಬೆಳಗಾವಿಗೆ ನಾಲ್ಕು ದಿನದ ಆಫೀಸ್ ಟೂರ್. ಊರ ಮರ್ಯಾದೆ ಉಳಿಸಲು ವೇಟರನ್ನು ಕರೆದು, ಕೆಂಡದ ಮೇಲೆ ಸುಟ್ಟದ್ದರಲ್ಲಿ ಲೋಕಲ್ ಏನಿದೆ ಎಂದು ಕೇಳಿದೆ.

“ಎಲ್ಲಾ ಲೋಕಲ್ ಐತ್ರಿ ಸರ್. ಅನಾನಸ್ ಸುದ್ದಾ ಇಲ್ಲೇ ಮಾರ್ಕೆಟ್‌ನಾಗಿಂದು,” ಎಂದ.

ಮರುದಿನ ಶನಿವಾರ. ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾವಿಬ್ಬರೂ ಹೆಲ್ಮೆಟ್ ಹಾಕಿಕೊಂಡು ಕುಲುಮೆಯ ಮುಂದೆ ನಿಂತಿದ್ದೆವು. ಕರಗಿದ ಕಬ್ಬಿಣ ಸುರಿಯುತ್ತಿದ್ದ ಆಪರೇಟರ್ ಕೆಲಸ ಮುಗಿಸಿ, ನೀಲಿ ಗಾಜಿನ ಕನ್ನಡಕ ಹಣೆಗೇರಿಸಿ ನನ್ನನ್ನೇ ನೋಡತೊಡಗಿದ.

“ಸಾಹೇಬ್ರ, ತಪ್ಪ ತಿಳ್ಕೋಬ್ಯಾಡ್ರಿ. ನೀವು ಪಾರಿಶ್ವಾಡದ ಈರಣ್ಣ ಅಲ್ಲೇನ್ರಿ?”

ಎಡಗಿವಿಯ ಕೆಳಗಿನ ಮಚ್ಚೆ ನೋಡಿದ ಮೇಲೆ ನನಗೂ ಗುರುತು ಸಿಕ್ಕಿತು. “ಬೀರ್ಯಾ,” ಎಂದೆ. ಸಾಹೇಬ್ರ ಎನ್ನುವುದು ಅಲ್ಲಿಗೆ ಮುಗಿಯಿತು.

“ಲೇ ಈರ್ಯಾ, ಖರೇ ನೀನ? ಇದೇನಲೇ ಹೊಟ್ಟಿ?”

ಬೀರಪ್ಪ ನನ್ನ ಬಾಲ್ಯದ ಗೆಳೆಯ. ಅವನ ಮನೆಯವರು ಕುರಿಗಾರರು. ಸುಗ್ಗಿ ಮುಗಿದ ಮೇಲೆ ಅವರ ಹಿಂಡು ನಮ್ಮ ಹೊಲದಲ್ಲಿ ಬೀಡು ಬಿಡುತ್ತಿತ್ತು. ಕುರಿಯ ಹಿಕ್ಕೆ ನಮ್ಮ ಹೊಲಕ್ಕೆ ಗೊಬ್ಬರ, ನಮ್ಮ ಜೋಳ ಅವರ ರೊಟ್ಟಿಗೆ. ನಾವು ಲಿಂಗಾಯತರು. ನಮ್ಮ ಮನೆಯಲ್ಲಿ ತತ್ತಿ ಎಂಬ ಶಬ್ದವನ್ನೂ ದನಿ ತಗ್ಗಿಸಿ ಹೇಳುತ್ತಿದ್ದರು. ಅಂಥ ಮನೆಯ ನಾನು, ಸಾಲೆ ಬಿಟ್ಟ ಕೂಡಲೇ ಓಡುತ್ತಿದ್ದದ್ದು ಬೀರಪ್ಪನ ತಾಯಿ ಮಾಳವ್ವನ ಒಲೆಯ ಕಡೆಗೆ.

ಮೂರು ಕಲ್ಲು, ಜಾಲಿ ಕಟ್ಟಿಗೆಯ ಕೆಂಡ. ಹಳೆಯ ಸೈಕಲ್ ಚಕ್ರದ ಕಡ್ಡಿಗಳಿಗೆ ಚುಚ್ಚಿದ ಕುರಿಯ ಖಂಡ. ಉಪ್ಪು, ಕೆಂಪು ಖಾರ, ಜಜ್ಜಿದ ಬೆಳ್ಳುಳ್ಳಿ, ಇಷ್ಟೇ. ಕೊಬ್ಬು ಕರಗಿ ಕೆಂಡದ ಮೇಲೆ ಬಿದ್ದಾಗ ಏಳುತ್ತಿದ್ದ ಆ ವಾಸನೆಗೆ ನಮ್ಮ ಹೊಲದ ಬದುವಿನಾಚೆಯ ನಾಯಿಗಳೂ ಬಂದು ಕೂರುತ್ತಿದ್ದವು. ಅವುಗಳ ಪಕ್ಕದಲ್ಲಿ ನಾನು.

ನಾಯಿಗಳಿಗಾದರೂ ಎಲುಬು ಸಿಗುತ್ತಿತ್ತು. ನನಗೆ?

ನನಗಾಗಿ ಮಾಳವ್ವ ಐದು ಹೆಜ್ಜೆ ಆಚೆ ಇನ್ನೊಂದು ಒಲೆ ಹೂಡುತ್ತಿದ್ದಳು. ಬೇರೆ ಕಲ್ಲು, ಬೇರೆ ಕಟ್ಟಿಗೆ. ಕೈ ತೊಳೆದುಕೊಂಡು ಬಂದು ಅದರ ಬೂದಿಯಲ್ಲಿ ಗೆಣಸು ಹುಗಿಯುತ್ತಿದ್ದಳು. ಸಿಪ್ಪೆ ಕರಕಲಾಗಿ, ಒಳಗೆ ಹಳದಿಯಾಗಿ ಬೆಂದ ಗೆಣಸು. ಮೊದಲು ಮುಖ ಊದಿಸಿಕೊಂಡೇ ತಿಂದೆ. ಆಮೇಲೆ ಅದರ ರುಚಿ ಹತ್ತಿತು. ಅವ್ವ ಮನೆಯಲ್ಲಿ ಗೆಣಸು ಕುದಿಸಿ ಕೊಟ್ಟರೆ ಮೂಗು ಮುರಿಯುತ್ತಿದ್ದೆ. “ನಿನ್ನ ಗೆಣಸ ಸಪ್ಪಗ ಇರ್ತಾವ. ಮಾಳವ್ವನ ಗೆಣಸ ಎಷ್ಟ ಚಂದ ಗೊತ್ತೈತೇನ?” ಎಂದು ಅವಳ ಮುಖಕ್ಕೇ ಹೇಳಿದ್ದೆ. ಅವ್ವ “ಹೌದನು?” ಎಂದು ನಕ್ಕಿದ್ದಳು.

ಮಾಳವ್ವ ನಮ್ಮಪ್ಪನಿಗೆ ಹೆದರುತ್ತಾಳೆ ಎಂದೇ ನಾನು ತಿಳಿದಿದ್ದೆ. ನನಗೆ ಖಂಡ ತಿನಿಸಿದ್ದು ಊರಿಗೆ ಗೊತ್ತಾದರೆ ಮರುವರ್ಷ ಅವಳ ಹಿಂಡಿಗೆ ಯಾರು ಹೊಲ ಬಿಟ್ಟುಕೊಟ್ಟಾರು? ಅಷ್ಟು ತಿಳಿಯುವ ವಯಸ್ಸಾಗುವ ಹೊತ್ತಿಗೆ ನಾವು ಹುಬ್ಬಳ್ಳಿ ಸೇರಿದ್ದೆವು.

ಆಮೇಲೆ ನಾನು ತಿಂದೆ. (ನಮ್ಮ ಬೀಗರು ಈ ಅಂಕಣ ಓದುತ್ತಾರೆ. ಓದಲಿ.) ಹಾಸ್ಟೆಲಿನಲ್ಲಿ ಶುರುವಾದದ್ದು, ಅವ್ವನಿಗೆ ಕೊನೆಯವರೆಗೂ ಹೇಳಲಿಲ್ಲ. ಹೋದ ಊರುಗಳಲ್ಲೆಲ್ಲ ಕೆಂಡ ಕಂಡಲ್ಲಿ ಕೂತೆ. ಎಲ್ಲಿಯೂ ಆ ವಾಸನೆ ಇರಲಿಲ್ಲ. ಮಾಳವ್ವನ ಕೈಯಿಂದ ಒಂದು ತುಂಡು ತಿನ್ನಬೇಕೆಂಬ ಆಸೆ ಇಷ್ಟು ವಯಸ್ಸಾದರೂ ಹೋಗಲಿಲ್ಲ. ಹುಚ್ಚು ಎನ್ನಿ. ಕುಲುಮೆಯ ಮುಂದೆಯೇ ಬೀರಪ್ಪನಿಗೆ ಇದನ್ನೆಲ್ಲ ಹೇಳಿಬಿಟ್ಟೆ.

“ಅವ್ವ ಇನ್ನೂ ಗಟ್ಟಿ ಅದಾಳ. ಈಗ ಖಾನಾಪುರದಾಗ ಇರ್ತೀವಿ. ನಾಳಿ ಐತವಾರ, ನಿಮ್ಮ ಸಾಹೇಬ್ರನ್ನೂ ಕರಕೊಂಡ ಬಾ,” ಎಂದ ಬೀರಪ್ಪ.

ಭಾನುವಾರ ಬೆಳಿಗ್ಗೆ ಹೊರಟೆವು. ದೇಸೂರ ದಾಟುವಾಗ ಸಕ್ಸೇನಾ ಮೊಬೈಲ್ ನೋಡಿ, “ಈ ಜಾಗಕ್ಕೆ ರೇಟಿಂಗೇ ಇಲ್ಲವಲ್ಲ?” ಎಂದರು. ಸ್ವಲ್ಪ ತಾಳಿ ಎಂದೆ. ನನ್ನ ಎದೆ ಮಾತ್ರ ಸಾಲೆ ಬಿಡುವ ಗಂಟೆಗೆ ಕಾಯುವ ಹುಡುಗನದಾಗಿತ್ತು.

ಊರ ಅಂಚಿನಲ್ಲಿ ಹೆಂಚಿನ ಮನೆ. ಈಗ ಹಿಂಡು ಇಲ್ಲ, ಅಂಗಳದಲ್ಲಿ ಎರಡು ಆಡು ಇದ್ದವು. ಮಾಳವ್ವ ಕೋಲು ಹಿಡಿದು ಬಾಗಿಲಿಗೆ ಬಂದಳು. ಮೈ ಅರ್ಧಕ್ಕರ್ಧ ಇಳಿದಿದೆ. ಕಾಲು ಮುಟ್ಟಲು ಬಗ್ಗಿದೆ, ಗದ್ದ ಹಿಡಿದು ಎತ್ತಿದಳು.

“ಥೇಟ ನಿಮ್ಮವ್ವನ ಮಾರಿ ತಮ್ಮಾ. ಬರ್ರಿ ಸಾಹೇಬ್ರ, ಕುಂದರ್ರಿ.”

ಹಿತ್ತಿಲಿನಲ್ಲಿ ಎರಡು ಒಲೆ ಹೊಗೆಯಾಡುತ್ತಿದ್ದವು. ಒಂದರ ಮೇಲೆ ಸೈಕಲ್ ಕಡ್ಡಿಗಳು ಸಾಲಾಗಿ ಮಲಗಿದ್ದವು. ಆಚೆಯ ಸಣ್ಣ ಒಲೆ ಯಾರಿಗೆ? ದೊಡ್ಡೂರಿನ ಸಾಹೇಬರು ತಿನ್ನುವವರೋ ಅಲ್ಲವೋ ಎಂದು ಮುಂಜಾಗ್ರತೆ ಮಾಡಿರಬೇಕು ಎಂದುಕೊಂಡೆ.

ಬೀರಪ್ಪನ ಹೆಂಡತಿ ರೊಟ್ಟಿ ತಂದಿಟ್ಟರು. ಮೊದಲ ಕಡ್ಡಿ ಸಕ್ಸೇನಾ ತಾಟಿಗೆ ಹೋಯಿತು. ಅವರು ಒಂದು ತುಂಡು ಬಾಯಿಗಿಟ್ಟು ಕಣ್ಣು ಮುಚ್ಚಿದರು. ಲಖನೌದ ಬಾಯಿ ಆ ಕಡ್ಡಿಯನ್ನು ಪೂರ್ತಿ ಖಾಲಿ ಮಾಡಿತು. ಆಮೇಲೆ, “ಇದು ಅಸಲಿ,” ಎಂದಷ್ಟೇ ಹೇಳಿದರು.

ನಾನು ಎರಡನೆಯ ಕಡ್ಡಿಗೆ ಕೈ ಚಾಚಿದೆ.

“ಕೈ ಹಿಂದಕ್ಕ ತಗಿ ತಮ್ಮಾ. ನಿಂದು ಅಲ್ಲೈತಿ.” ಮಾಳವ್ವ ಕೋಲಿನಿಂದ ಸಣ್ಣ ಒಲೆ ತೋರಿಸಿದಳು. ಬೂದಿಯೊಳಗಿಂದ ಗೆಣಸಿನ ತುದಿ ಇಣುಕುತ್ತಿತ್ತು.

ಇನ್ನು ನಾಚಿಕೆ ಯಾಕೆ? ಹೇಳಿಯೇ ಬಿಟ್ಟೆ. “ಯವ್ವಾ, ನಾ ಈಗ ತಿಂತೀನಿ. ಭಾಳ ವರ್ಷ ಆತು.”

“ಗೊತ್ತೈತಿ. ನಿನ್ನಿ ಬೀರ್ಯಾ ಹೇಳಿದ. ಊರ ತುಂಬ ತಿನ್ನು, ಯಾರ ಬ್ಯಾಡ ಅಂತಾರ? ನನ್ನ ಕೈಲೆ ಕೊಡೂದಿಲ್ಲ. ನಿಮ್ಮವ್ವಗ ಮಾತ ಕೊಟ್ಟೀನಿ.”

ಯಾವ ಮಾತು? ಅವ್ವನಿಗೂ ಇವಳಿಗೂ ಯಾವಾಗ ಮಾತಾಗಿತ್ತು?

“ನಿನ್ನ ಅಂಗ್ಯಾಗಿನ ಹೊಗಿ ವಾಸನಿ ಹಿಡಕೊಂಡ ನಿಮ್ಮವ್ವ ಒಂದಿನಾ ಹೊಲಕ್ಕ ಬಂದ್ಲು. ಜಗಳಾ ತಗೀತಾಳ ಅಂತ ಅಂಜಿದೆ. ಆಕಿ ಸೆರಗಿನ್ಯಾಗಿಂದ ಗೆಣಸ ತಗದ ನನ್ನ ಮುಂದ ಇಟ್ಲು. ‘ನಮ್ಮ ಹುಡುಗ ನಿಮ್ಮ ಒಲಿ ಬಿಡೂದಿಲ್ಲ, ಬಿಡಸಾಕ ನನಗೂ ಮನಸಿಲ್ಲ. ಅವಗ ಖಂಡ ಒಂದ ಕೊಡಬ್ಯಾಡ. ಬ್ಯಾರೆ ಒಲಿ ಹೂಡಿ ಇವನ್ನ ಸುಟ್ಟ ಕೊಡು. ನಾ ಕೊಟ್ಟೀನಿ ಅಂತ ಹೇಳಬ್ಯಾಡ, ಹೇಳಿದ್ರ ತಿನ್ನೂದಿಲ್ಲ ಅಂವ’ ಅಂದ್ಲು. ವಾರಾ ವಾರಾ ಬೀರ್ಯಾನ ಕೈಯಾಗ ಕಳಸ್ತಿದ್ಲು.”

ನಾನು ಬೀರಪ್ಪನನ್ನು ನೋಡಿದೆ. ಅವನು ರೊಟ್ಟಿ ನೋಡುತ್ತಿದ್ದ. ಹುಡುಗನಾಗಿದ್ದಾಗ ಒಂದು ಗುಟ್ಟನ್ನೂ ಮೂರು ದಿನ ಇಟ್ಟುಕೊಳ್ಳದ ಪ್ರಾಣಿ ಅದು.

“ಅವ್ವ ಹೋಗಿ ಒಂಬತ್ತು ವರ್ಷ ಆತಲ್ಲ ಯವ್ವಾ,” ಎಂದೆ.

“ಹೋಗೂ ಮುಂದ ಬಂದು ಮಾತ ವಾಪಸ್ ತೊಗೊಂಡ ಹೋದ್ಲೇನ?”

ನಾನು ಮಾರುವ ಮಷಿನ್‌ಗೆ ಎರಡು ವರ್ಷದ ಗ್ಯಾರಂಟಿ. ಕೈ ಬದಲಾದರೆ ಅದೂ ಇಲ್ಲ, ಸಣ್ಣ ಅಕ್ಷರದಲ್ಲಿ ಬರೆದಿರುತ್ತೇವೆ. ಈ ಮುದುಕಿಯ ಮಾತಿಗೆ ಸಣ್ಣ ಅಕ್ಷರವೇ ಇಲ್ಲವಲ್ಲ!

ಸಣ್ಣ ಒಲೆಯ ಹತ್ತಿರ ಹೋಗಿ ಕುಕ್ಕರಗಾಲಲ್ಲಿ ಕೂತೆ. ಮಾಳವ್ವ ಸೊಸೆಗೆ ಹೇಳಿ ಕೈಗೆ ನೀರು ಹಾಕಿಸಿಕೊಂಡಳು, ಆಮೇಲೆ ಗೆಣಸು ತೆಗೆದು ಬೂದಿ ಕೊಡವಿ ಕೊಟ್ಟಳು. ಸಿಪ್ಪೆ ಬಿಡಿಸುವಾಗ ಬೆರಳು ಸುಟ್ಟಿತು. ಅದೇ ಹಳದಿ, ಅದೇ ಹೊಗೆ. ಎಷ್ಟೋ ವರ್ಷ ಮಾಳವ್ವನದೆಂದು ಹೊಗಳುತ್ತ ಬಂದ ಗೆಣಸು ನಮ್ಮವ್ವನ ಗೆಣಸು. “ಹೌದನು?” ಎಂದು ಅವಳು ಯಾಕೆ ನಕ್ಕಿದ್ದಳು ಎಂದು ಈಗ ತಿಳಿಯಿತು. ಕಣ್ಣಲ್ಲಿ ನೀರು ಬಂತು. ಹೊಗೆ ಎಂದು ಸಕ್ಸೇನಾಗೆ ಹೇಳಿದೆ. ಗಾಳಿ ಹೊಗೆಯನ್ನು ನನ್ನಿಂದ ಆಚೆಗೆ ಒಯ್ಯುತ್ತಿತ್ತು, ಅವರು ಇನ್ನೊಂದು ಕಡ್ಡಿಗೆ ಕೈ ಹಾಕಿದರು.

ಖಂಡದ ರುಚಿ ಹೇಗಿತ್ತು ಎಂದು ನನ್ನನ್ನು ಕೇಳಬೇಡಿ. ಸಕ್ಸೇನಾರನ್ನು ಕೇಳಿ, ಆರು ಕಡ್ಡಿ ಖಾಲಿ ಮಾಡಿದ್ದಾರೆ.

ವಾಪಸ್ ಬರುವಾಗ ಅವರು ಕಾರಿನಲ್ಲಿ ಮೊಬೈಲ್ ತೆಗೆದರು. ಇಂಥ ಜಾಗ ಮ್ಯಾಪಿನಲ್ಲಿ ಇಲ್ಲದಿರುವುದು ಅನ್ಯಾಯವಂತೆ. ತಾವೇ ಸೇರಿಸಿ, ಐದು ಸ್ಟಾರ್ ಕೊಡುತ್ತಾರಂತೆ. ಎಲ್ಲ ತುಂಬಿಸಿ, “ಹೆಸರು ಏನು ಹಾಕಲಿ?” ಎಂದರು.

ನೀವೇ ಹೇಳಿ, ಮಾಳವ್ವನ ಹೆಸರು ಕೊಡಲೋ, ನಮ್ಮವ್ವನದೋ?