ಮೇಷ್ಟ್ರ ಹೆಸರಿನಲ್ಲಿ ಬರೆದ ಉತ್ತರಗಳು

ಕಳೆದ ವಾರ ಹಾಸನದಲ್ಲಿ ಮೊಬೈಲ್ ರಿಪೇರಿಗೆ ಕೊಟ್ಟು ಅಂಗಡಿ ಮುಂದೆ ನಿಂತಿದ್ದೆ. ಅಂಗಡಿಯಾತ ಬೆಸುಗೆ ಹಾಕುವ ಕಾದ ಸೋಲ್ಡರಿಂಗ್ ಕಡ್ಡಿಯನ್ನು ರಾಳಕ್ಕೆ ಅದ್ದಿದ. ಆ ಹೊಗೆ ಮೂಗಿಗೆ ಬಡಿದದ್ದೇ ತಡ, ಹಳೆಯದೆಲ್ಲ ಕಣ್ಣಮುಂದೆ ಬಂತು. ಚನ್ನರಾಯಪಟ್ಟಣದ ಒಂದು ಪಡಸಾಲೆ, ಅಲ್ಲಿ ಸರ್ಕ್ಯೂಟ್ ಬೋರ್ಡಿನ ಮೇಲೆ ಬಗ್ಗಿ ಕೂತ ಮೇಷ್ಟ್ರು... ಎಷ್ಟು ವರ್ಷವಾಯಿತು!

ಪಾಲಿಟೆಕ್ನಿಕ್‌ನಲ್ಲಿ ನನಗೆ ಎಲೆಕ್ಟ್ರಾನಿಕ್ಸ್ ಕಲಿಸಿದವರು ಅವರು. ನಿವೃತ್ತರಾದ ಮೇಲೆ ಅವರಿಗೆ ಹಿಡಿದ ಹುಚ್ಚೇ ಬೇರೆ. ಯಂತ್ರಗಳೊಳಗೆ ಕೂತು, ಹೇಳಿದ ಕೆಲಸವನ್ನು ಹೇಳಿದ ಗಳಿಗೆಗೇ ಮಾಡಿ ಮುಗಿಸುವ ಒಂದು ಪುಟ್ಟ ಆಪರೇಟಿಂಗ್ ಸಿಸ್ಟಂ. ದೇಶದೇಶಗಳ ಜನ ಸೇರಿ ಕಟ್ಟಿದ್ದು; ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಬಹುದು. ಹಾಲಿನ ಟ್ಯಾಂಕಿನ ಶಾಖ ಅಳೆಯುವ ಒಂದು ಸೆನ್ಸರ್‌ನ ಭಾಷೆ ಅದಕ್ಕೆ ತಿಳಿಯುತ್ತಿರಲಿಲ್ಲ. ಎರಡರ ನಡುವೆ ಮಾತುಕತೆ ನಡೆಸುವ ಪ್ರೋಗ್ರಾಂಗೆ ಡ್ರೈವರ್ ಅನ್ನುತ್ತಾರೆ. ಮೇಷ್ಟ್ರು ಒಂದೂವರೆ ವರ್ಷ ಕೂತು ಆ ಡ್ರೈವರ್ ಬರೆದರು. ಅವರಿಗೆ ಕಣ್ಣು ಮಂಜಾಗಿತ್ತು. ನಾನಾಗ ಬಸ್ ಸ್ಟ್ಯಾಂಡ್ ಹತ್ತಿರ ಕಂಪ್ಯೂಟರ್ ಪಾಠ ಹೇಳಿಕೊಡುತ್ತಿದ್ದೆ. ಭಾನುವಾರ ಅವರ ಮನೆಗೆ ಹೋಗಿ, ಅವರು ಹೇಳಿದ್ದನ್ನು ಟೈಪ್ ಮಾಡುತ್ತಿದ್ದೆ.

"ನಿನ್ ಬುದ್ವಂತ್ಕೆ ಸೇರಿಸ್ಬ್ಯಾಡ ಕಣವ್ವ. ನಾ ಏಳ್ದಂಗೇ ಒತ್ತು" ಅನ್ನುತ್ತಿದ್ದರು. ನನಗೂ ಮೂಗಿನ ತುದಿಯಲ್ಲೇ ಕೋಪ. ಎಷ್ಟೋ ಸಲ ಚೀಲ ಎತ್ತಿಕೊಂಡು ಹೊರಟೇಬಿಟ್ಟಿದ್ದೆ.

ಕೊನೆಗೊಂದು ದಿನ ಆ ಸಿಸ್ಟಂ ಕಟ್ಟುವವರು ಮೇಷ್ಟ್ರ ಡ್ರೈವರನ್ನು ಅದಕ್ಕೆ ಸೇರಿಸಿಕೊಂಡರು. ಅದನ್ನು ನೋಡಿಕೊಳ್ಳುವವರ ಪಟ್ಟಿಯಲ್ಲಿ ಮೇಷ್ಟ್ರ ಹೆಸರು ಬಂತು. ಒಂದೇ ಷರತ್ತು: ಯಾವ ದೇಶದಿಂದ ಪ್ರಶ್ನೆ ಬಂದರೂ ಅವರು ಉತ್ತರ ಕೊಡಬೇಕು. ಮೂರು ತಿಂಗಳು ಸುಮ್ಮನಿದ್ದರೆ ಹೆಸರು ತೆಗೆಯುತ್ತಾರೆ. ಆ ಪಟ್ಟಿಯ ಪುಟವನ್ನು ನಾನು ಪ್ರಿಂಟ್ ಹಾಕಿಸಿ ಕೊಟ್ಟೆ. ಮೇಷ್ಟ್ರ ಹೆಂಡತಿ, ನಾನು ಅಮ್ಮ ಅಂತಲೇ ಕರೆಯುತ್ತಿದ್ದೆ, ಅದನ್ನು ಕ್ಯಾಲೆಂಡರ್ ಪಕ್ಕ ಗೋಡೆಗೆ ಅಂಟಿಸಿದರು.

ನಾಲ್ಕೇ ತಿಂಗಳಿಗೆ ಮೇಷ್ಟ್ರು ಹೋಗಿಬಿಟ್ಟರು. ಎದೆನೋವು ಅಂದರಂತೆ, ಅಷ್ಟೇ. ಅಮ್ಮ ಅಳಲಿಲ್ಲ. ತಿಥಿ ಮುಗಿದ ಮೇಲೆ ನನ್ನ ಕೈ ಹಿಡಿದು, "ಅವರ ಎಸ್ರು ತೆಗೆದ್ಬುಡ್ತಾರೇನವ್ವ?" ಎಂದು ಕೇಳಿದರು. ಆ ಮುಖ ನೋಡಿ ಹೌದು ಅನ್ನಲಾಗಲಿಲ್ಲ. ಮೇಷ್ಟ್ರ ಈಮೇಲ್ ನನ್ನ ಕೈಯಲ್ಲೇ ಇತ್ತು. ಅವರ ಹೆಸರಿನಲ್ಲಿ ನಾನೇ ಉತ್ತರ ಬರೆಯತೊಡಗಿದೆ.

ಮೊದಮೊದಲು ತಡವರಿಸಿದೆ. ಆಮೇಲೆ ನೋಡುತ್ತೇನೆ, "ಕೈಪಿಡಿ ಓದದೆ ನನ್ನನ್ನು ಕೇಳಬೇಡಿ" ಎಂದು ಯಾರಿಗೋ ಬರೆದು ಕಳಿಸಿದ್ದೇನೆ. ಅದು ನನ್ನ ಮಾತಲ್ಲ. ನಾನು ಎದುರಿಗೆ ಜಗಳ ಆಡುವವಳೇ ಹೊರತು ಕಾಗದದಲ್ಲಿ ಬಲು ವಿನಯ. ಇನ್ನೊಮ್ಮೆ ಯಾವುದೋ ದೇಶದವನು, ಸೆನ್ಸರನ್ನು ಕರೆಂಟ್ ಕೊಟ್ಟು ಎಬ್ಬಿಸಿದ ಮೇಲೆ ಎಷ್ಟು ಹೊತ್ತು ಕಾಯಬೇಕು ಎಂದು ಕೇಳಿದ. ನನಗೆ ಗೊತ್ತಿರಲಿಲ್ಲ. ಬೆರಳು ಒಂದು ಸಂಖ್ಯೆ ಒತ್ತಿತು. ಮೂರು ದಿನ ಬಿಟ್ಟು ಅವನು, ನೀವು ಹೇಳಿದ್ದು ಸರಿ, ಈಗ ಕೆಲಸ ಮಾಡುತ್ತಿದೆ ಎಂದು ಬರೆದ. ಮೇಷ್ಟ್ರು ಯಾವಾಗಲೋ ಹೇಳಿರಬೇಕು ಅಂದುಕೊಂಡು ಅವರ ನೋಟ್‌ಬುಕ್ಕುಗಳನ್ನೆಲ್ಲ ಜಾಲಾಡಿದೆ. ಎಲ್ಲೂ ಸಿಗಲಿಲ್ಲ...

ಬರೆದದ್ದನ್ನು ಭಾನುವಾರ ಅಮ್ಮನಿಗೆ ಕನ್ನಡದಲ್ಲಿ ಓದಿ ಹೇಳುತ್ತಿದ್ದೆ. ಮೊದಲೆಲ್ಲ "ಏನ್ ಬರ್ದೆ?" ಅನ್ನುತ್ತಿದ್ದವರು, ಯಾವಾಗಿನಿಂದಲೋ "ಇವತ್ತು ಏನಂದ್ರು?" ಅನ್ನತೊಡಗಿದ್ದರು. ಒಂದು ದಿನ ಪೂರ್ತಿ ಕೇಳಿಸಿಕೊಂಡು, "ಯಾಕೋ ಸಿಟ್ಟಾಗವ್ರೆ" ಎಂದು ನಕ್ಕರು. ಅಮ್ಮ ಅದನ್ನು ಮೇಷ್ಟ್ರ ಮಾತೆಂದೇ ಕೇಳುತ್ತಿದ್ದಾರೆ ಅಂತ ಆಗ ಹೊಳೆಯಿತು. ಆದರೂ ಬಿಡಿಸಿ ಹೇಳುವ ಧೈರ್ಯ ಬರಲಿಲ್ಲ.

ಆಗ ಒಂದು ಪ್ರಶ್ನೆ ಬಂತು. ಸೆನ್ಸರ್ ಕಿತ್ತುಹೋಗಿದ್ದರೂ ನಿಮ್ಮ ಡ್ರೈವರ್ ಶಾಖ ಹೇಳುತ್ತಲೇ ಇದೆಯಲ್ಲ, ಯಾಕೆ?

ಮಟಮಟ ಮಧ್ಯಾಹ್ನ ಮೇಷ್ಟ್ರ ಮೇಜಿನ ಮೇಲೆ ಬೋರ್ಡ್ ಇಟ್ಟು ಕರೆಂಟ್ ಕೊಟ್ಟೆ. ಪರದೆಯ ಮೇಲೆ ಇಪ್ಪತ್ತೇಳು ಡಿಗ್ರಿ. ವೈರ್ ಕಿತ್ತೆ. ಇಪ್ಪತ್ತೇಳು. ಕಿತ್ತ ಸೆನ್ಸರನ್ನು ಮುಷ್ಟಿಯಲ್ಲಿ ಹಿಡಿದು ಕಾದೆ. ಇಪ್ಪತ್ತೇಳೇ. ಪ್ರೋಗ್ರಾಂನಲ್ಲಿ ಹುಡುಕಿದೆ. ಸೆನ್ಸರ್ ಉತ್ತರಿಸದಿದ್ದರೆ ಅದರ ಹಿಂದಿನ ಉತ್ತರವನ್ನೇ ಕೊಡು ಅಂತ ಒಂದು ಸಾಲಿತ್ತು. ಮೇಷ್ಟ್ರು ಹೇಳಿದ್ದೋ, ಬೇಗ ಮುಗಿಯಲಿ ಅಂತ ನಾನೇ ಸೇರಿಸಿದ್ದೋ, ನೆನಪಿಲ್ಲ.

ಅಮ್ಮ ಹಿಂದೆ ಬಂದು ನಿಂತದ್ದು ನನಗೆ ತಿಳಿದಿರಲಿಲ್ಲ. ಜೋತಾಡುತ್ತಿದ್ದ ವೈರನ್ನೂ ಪರದೆಯನ್ನೂ ನೋಡಿದರು.

"ವೈರೇ ಕಿತ್ತೋಗದಲ್ಲವ್ವ. ಮತ್ತೆ ಯಾರು ಏಳ್ತಾ ಇರೋದು?"

"ಯಾರೂ ಇಲ್ಲಮ್ಮ" ಅಂದೆ. ಅವರು ಗೋಡೆಗೆ ಒರಗಿ ಹಾಗೇ ಕುಸಿದು ಕೂತರು. ಅಷ್ಟು ದಿನ ತಡೆದುಕೊಂಡದ್ದನ್ನೆಲ್ಲ ಅತ್ತರು. ಹತ್ತೊಂಬತ್ತು ತಿಂಗಳು ಅವರನ್ನು ನಾನು ಅಳಗೊಡಲಿಲ್ಲವಲ್ಲ, ಆ ಪಾಪ ನನ್ನದೇ.

ಆ ಸಾಲು ತೆಗೆದು, ಉತ್ತರ ಬರದಿದ್ದರೆ ಬಂದಿಲ್ಲ ಅಂತಲೇ ಹೇಳುವ ಹಾಗೆ ಮಾಡಿದೆ. ಮೇಷ್ಟ್ರು ತೀರಿಕೊಂಡು ಹತ್ತೊಂಬತ್ತು ತಿಂಗಳಾಯಿತು, ಈವರೆಗೆ ಬರೆದವಳು ನಾನು, ಎಂದು ಸಿಸ್ಟಂನವರಿಗೆ ನನ್ನ ಹೆಸರು ಹಾಕಿ ಕಳಿಸಿದೆ. ಯಾರೂ ಬೈಯಲಿಲ್ಲ. ಪಟ್ಟಿಯಲ್ಲಿ ಅವರ ಹೆಸರು ಹೋಗಿ ನನ್ನದು ಬಂತು.

ಈಗಲೂ ವರ್ಷಕ್ಕೊಂದೆರಡು ಪ್ರಶ್ನೆ ಬರುತ್ತವೆ. ನನಗೆ ತಿಳಿಯದ್ದು ಎದುರಾದಾಗ ಕೀಬೋರ್ಡಿನ ಮೇಲೆ ಕೈಯಿಟ್ಟು ಕಾಯುತ್ತೇನೆ... ಬೆರಳು ಏನನ್ನೂ ಒತ್ತುವುದಿಲ್ಲ. ಗೊತ್ತಿಲ್ಲ ಎಂದು ಬರೆದು ಕಳಿಸುತ್ತೇನೆ.