ಒಂದು ಮೊಳ ದೂರದ ಬೆಳಕು

ಬೆಳಗಿನ ಐದು ಗಂಟೆ. ಗಿರಾಕಿಯೊಬ್ಬರ ಮನೆಯಲ್ಲಿ, ಬಾತ್‌ರೂಮಿಗೆ ಹೋಗುವ ಹಾದಿಯಲ್ಲಿ ತಂತಿಯಕ್ಕ ಚಕ್ಕಳಮಕ್ಕಳ ಹಾಕಿ ಕೂತಿದ್ದಾರೆ. ತೊಡೆಯ ಮೇಲೆ ಲ್ಯಾಪ್‌ಟಾಪ್. ಗೋಡೆಯ ಬುಡದಲ್ಲಿ ಬೆಂಕಿಪೊಟ್ಟಣದಷ್ಟು ಸೆನ್ಸರ್. ಮನೆಯ ಅಜ್ಜಿ ಕೋಲೂರಿಕೊಂಡು ಬರುತ್ತಾರೆ. ದೀಪ ತಾನಾಗಿ ಹತ್ತಬೇಕು. ಹತ್ತುವುದಿಲ್ಲ.

"ನಾನೆದ್ದೆ. ನಿನ್ನ ದೀಪಕ್ಕಿನ್ನೂ ನಿದ್ದೆ!" ಎನ್ನುತ್ತಾರೆ ಅಜ್ಜಿ.

ಹೋದ ವಾರ ಇದೇ ಕತ್ತಲಲ್ಲಿ ಅಜ್ಜಿ ಮುಗ್ಗರಿಸಿದ್ದಾರೆ. ಇನ್ನೊಮ್ಮೆ ಹೀಗಾದರೆ ಅಮ್ಮನ ಮಂಚ ಹಾಲ್‌ಗೆ, ಪಕ್ಕದಲ್ಲೊಬ್ಬ ನರ್ಸು: ಇದು ಮಗನ ತೀರ್ಪು. "ಬಾತ್‌ರೂಮಿಗೂ ಕಾವಲಾ? ನಾನೇನು ಖಜಾನೆನಾ?" ಇದು ಅಜ್ಜಿಯ ಮೇಲ್ಮನವಿ.

ತಂತಿಯಕ್ಕನಿಗೆ ನಲವತ್ತೇಳು. ಟಿವಿ ರಿಪೇರಿ ಅಂಗಡಿ ಮುಚ್ಚಿದ ಮೇಲೆ ಹಿಡಿದ ಕಸುಬಿದು: ಮನೆಯ ದೀಪ, ಫ್ಯಾನುಗಳು ತಾವಾಗಿ ನಡೆಯುವಂತೆ ಜೋಡಿಸುವುದು. ಇವರು ಜೋಡಿಸುವ ಮನೆಗಳ ಸುದ್ದಿ ಹೊರಗಿನ ಕಂಪನಿಗೆ ಹೋಗುವುದಿಲ್ಲ. ಕಪಾಟಿನಲ್ಲಿಟ್ಟ ಪುಟ್ಟ ಕಂಪ್ಯೂಟರೇ ಯಜಮಾನ. "ಮನೆ ಮಾತು ಮನೇಲೇ ಇರ್ಲಿ." ಇಲ್ಲಿಯವರೆಗೆ ಅರವತ್ತೊಂದು ಮನೆ. ದಿನಕ್ಕೆ ಹತ್ತು ಹನ್ನೆರಡು ಕರೆ. ಆ ಕರೆಗಳನ್ನು ಅವರು ಅಣಕಿಸುವುದನ್ನು ಕೇಳಬೇಕು: ಮೂಗು ಹಿಡಿದು, "ಅಕ್ಕಾ, ಫ್ಯಾನು ನನ್ ಮಾತೇ ಕೇಳ್ತಿಲ್ಲ"; ಆ ಮನೆಯ ಯಜಮಾನರ ಹಾಗೆ ಗಂಟಲು ದಪ್ಪ ಮಾಡಿ, "ನನ್ ಮಾತು ಈ ಮನೇಲಿ ಯಾರು ಕೇಳ್ತಾರಮ್ಮ?"

ಈ ಮನೆಗೆ ಮೂರು ಸಲ ಹಗಲಲ್ಲಿ ಬಂದಿದ್ದಾರೆ. ಮೂರು ಸಲವೂ ದೀಪ ಸಾಧು ಹಸುವಿನ ಹಾಗೆ ಹತ್ತಿದೆ. ಕೊನೆಗೆ, ಅಜ್ಜಿ ಏಳುವ ಹೊತ್ತಿಗೇ ಬಂದು ಕೂತಿದ್ದಾರೆ.

ಪರದೆ ನೋಡುತ್ತಿದ್ದವರು ಹಣೆ ಚಚ್ಚಿಕೊಳ್ಳುತ್ತಾರೆ. "ತಪ್ಪು ನಂದೇ, ಅಜ್ಜಿ. ದಿನಾ ಕಂಪ್ಯೂಟರಲ್ಲಿರೋ ಎಲ್ಲದರ ನಕಲು ಡಿಸ್ಕಿಗೆ ಇಳೀಲಿ ಅಂತ ಐದು ಗಂಟೆ ಇಟ್ಟಿದ್ದೆ. ಎಲ್ರೂ ಮಲಗಿರ್ತಾರೆ ಅಂದ್ಕೊಂಡೆ."

"ನನ್ನ ಕೇಳಿದ್ಯಾ?"

"ಇಲ್ಲ."

ಸೆನ್ಸರಿನ ಸಂದೇಶ ಹಿಡಿಯುವ ರೇಡಿಯೋ ಕಡ್ಡಿ ಇರುವುದು ಆ ಡಿಸ್ಕಿಗೆ ಅಂಟಿಕೊಂಡೇ. ನಕಲು ಶುರುವಾದರೆ ಡಿಸ್ಕಿನಿಂದ ರೇಡಿಯೋ ಅಲೆಗಳ ಗದ್ದಲ. ಆ ಐದು ಹತ್ತು ನಿಮಿಷ ಕಡ್ಡಿಗೆ ಕಿವುಡು. ತಂತಿಯಕ್ಕ ಚೀಲದಿಂದ ಕೇಬಲ್ ತೆಗೆದು ಕಡ್ಡಿಯನ್ನು ಒಂದು ಮೊಳ ಆಚೆಗೆ ಒಯ್ಯುತ್ತಾರೆ. "ಅತ್ತೆ ಸೊಸೆ ಇದ್ದ ಹಾಗೆ. ಸ್ವಲ್ಪ ದೂರ ಇದ್ರೆ ಇಬ್ರೂ ಬಂಗಾರ."

"ಇಲ್ಲಿಗೂ ಕೇಳಿಸ್ತು!" ಅಡುಗೆಮನೆಯಿಂದ ಸೊಸೆಯ ದನಿ.

ತಂತಿಯಕ್ಕ ಬೇಕೆಂದೇ ಮತ್ತೆ ನಕಲು ಓಡಿಸಿ, "ಅಜ್ಜಿ, ಬನ್ನಿ," ಎನ್ನುತ್ತಾರೆ. ಕೋಲು ಹೊಸ್ತಿಲು ದಾಟುತ್ತದೆ. ದೀಪ ಹತ್ತುತ್ತದೆ. ಅಜ್ಜಿ ಹೋಗಿ ಬರುತ್ತಾರೆ, ಎದ್ದು ಬಂದ ಮಗ ನೋಡಲೆಂದು ಇನ್ನೊಂದು ಸುತ್ತು ಹಾಕುತ್ತಾರೆ. ಮಗ ತಲೆ ಕೆರೆದುಕೊಂಡು, "ಮಂಚ ನಿನ್ ರೂಮಲ್ಲೇ ಇರ್ಲಿ ಬಿಡಮ್ಮ," ಎನ್ನುತ್ತಾನೆ.

ಈ ಕಸುಬಿನಲ್ಲಿ ನಿಮಗೇನು ಆಸೆ ಎಂದು ಕೇಳಿದರೆ ತಂತಿಯಕ್ಕ ಸ್ಕ್ರೂಡ್ರೈವರ್ ಒರೆಸುತ್ತಾ ಹೇಳುತ್ತಾರೆ: "ಅಜ್ಜಿ ನನ್ನ ಮರೆತುಬಿಡ್ಬೇಕು. ನೆನಪಾದೆ ಅಂದ್ರೆ ದೀಪ ಹತ್ತಿಲ್ಲ ಅಂತ."