ಚಿಂಗಮ್ ಅಕ್ಕನಿಗೆ, ಕಾರ್ಡು ನನಗೆ

ನನ್ನ ಬಳಿ ಕ್ರಿಕೆಟ್ ಆಟಗಾರರ ಕಾರ್ಡುಗಳಿವೆ ಎಂದರೆ ಜನ ಮೊದಲು ನಗುತ್ತಾರೆ, ಆಮೇಲೆ ನನ್ನ ತಲೆಯತ್ತ ನೋಡುತ್ತಾರೆ. ಕೂದಲು ನೆರೆತಿದೆ, ನಿಜ. ಬೀದರ್ ಬಸ್ ನಿಲ್ದಾಣದಲ್ಲಿ ಕಂಟ್ರೋಲರ್ ಆಗಿ ಮೈಕಿನಲ್ಲಿ ಕೂಗಿ ಕೂಗಿ ದನಿಯೂ ಒಡೆದಿದೆ. ಆದರೆ ಕಾರ್ಡಿನ ವಿಷಯದಲ್ಲಿ ನಾನು ಹುಡುಗಾಟದವನಲ್ಲ. ಇದನ್ನು ನನ್ನ ಹೆಂಡತಿಗೆ ಒಪ್ಪಿಸುವುದು ಮಾತ್ರ ಮದುವೆಯಾದಾಗಿನಿಂದ ನನ್ನ ಕೈಯಲ್ಲಿ ಆಗಿರಲಿಲ್ಲ.

ಇದೆಲ್ಲ ಶುರುವಾದದ್ದು ಭಾಲ್ಕಿಯಲ್ಲಿ, ಅಕ್ಕ ನಾನು ಚಿಕ್ಕವರಿದ್ದಾಗ. ಆಗ ಒಂದು ಚಿಂಗಮ್ ಬರುತ್ತಿತ್ತು. ಪ್ರತಿ ಪೊಟ್ಟಣದೊಳಗೆ ಒಬ್ಬ ಆಟಗಾರನ ಚಿತ್ರವಿರುವ ಕಾರ್ಡು. ನನ್ನ ಚಿಲ್ಲರೆಗೆ ಅಕ್ಕನ ಚಿಲ್ಲರೆ ಸೇರಿದರೇ ಒಂದು ಪೊಟ್ಟಣ ಸಿಗುತ್ತಿದ್ದುದು. ಆದ್ದರಿಂದ ನಮ್ಮಲ್ಲೊಂದು ಒಪ್ಪಂದವಾಯಿತು: ಚಿಂಗಮ್ ಅಕ್ಕನಿಗೆ, ಕಾರ್ಡು ನನಗೆ. ನನಗೆ ಕಾರ್ಡಿನ ಹುಚ್ಚು ಹೆಚ್ಚಾದಷ್ಟೂ ಆಕೆಗೆ ಅಗಿಯುವ ಕೆಲಸ ಹೆಚ್ಚಾಯಿತು. ಕೊನೆಕೊನೆಗೆ ದವಡೆ ನೋವಾಗಿ ರೊಟ್ಟಿ ಕಡಿಯಲಾರದೆ ಕೂಡುತ್ತಿದ್ದಳು. ಅವ್ವ ಹಲ್ಲುನೋವೆಂದು ತಿಳಿದು ಲವಂಗ ಇಡುತ್ತಿದ್ದಳು. ಅಕ್ಕ ಲವಂಗ ಕಚ್ಚಿಕೊಂಡು ನನ್ನ ಕಡೆ ಕಣ್ಣು ಬಿಡುತ್ತಿದ್ದಳೇ ಹೊರತು ಗುಟ್ಟು ಬಿಟ್ಟುಕೊಡಲಿಲ್ಲ.

ಹಾಗೆ ಸಿಕ್ಕ ಕಾರ್ಡುಗಳಲ್ಲಿ ಒಂದು ತೆಳ್ಳನೆಯ ಹುಡುಗನದು. ಆಗಷ್ಟೇ ತಂಡಕ್ಕೆ ಬಂದಿದ್ದ, ಹೆಲ್ಮೆಟ್ಟು ತಲೆಗಿಂತ ದೊಡ್ಡದಾಗಿತ್ತು. ನಮ್ಮ ಓಣಿಯಲ್ಲಿ ಯಾರಿಗೂ ಅವನು ಬೇಡವಾಗಿದ್ದ. ಶಾಲೆಯಲ್ಲಿ ಒಬ್ಬ ಮಾತ್ರ, ತನ್ನ ಸೆಟ್ಟು ಪೂರ್ತಿಯಾಗುತ್ತದೆಂದು, ಅವನೊಬ್ಬನನ್ನು ಕೊಟ್ಟರೆ ಹೆಸರುವಾಸಿಯಾದ ಇಬ್ಬರನ್ನು ಕೊಡುತ್ತೇನೆ ಎಂದ. ನಾನು ಕೈ ಚಾಚಿಯೂ ಆಗಿತ್ತು. ಪಕ್ಕದಲ್ಲಿದ್ದ ಅಕ್ಕ ಕಾರ್ಡು ಕಸಿದುಕೊಂಡಳು.

“ಇದು ಕೊಡಬ್ಯಾಡ ತಮ್ಮಾ. ಇಂವನ ಮಾರಿ ನೋಡು. ಔಟಾದ್ರೂ ಇಂವ ಯಾರ ಮ್ಯಾಲೂ ಸಿಟ್ಟಾಗಾಂವಲ್ಲ. ಮುಂದ ಬರ್ತಾನ.”

ಬಂದ. ಹೇಗೆ ಬಂದನೆಂದು ದೇಶಕ್ಕೆಲ್ಲ ಗೊತ್ತು. ಹೆಸರು ಮಾತ್ರ ಹೇಳುವುದಿಲ್ಲ. ಹೇಳಿದರೆ ಅವನು ದೊಡ್ಡವನೋ ಇನ್ನೊಬ್ಬ ದೊಡ್ಡವನೋ ಎಂದು ಜಗಳ ಶುರುವಾಗಿ ನನ್ನ ಕಥೆ ಅಲ್ಲೇ ನಿಲ್ಲುತ್ತದೆ. ಆಟಗಾರ ಹೆಸರು ಮಾಡುವ ಮೊದಲು ಬಂದ ಕಾರ್ಡಿಗೇ ಹೆಚ್ಚು ಬೆಲೆ, ಅದರ ಮೂಲೆ ಮಾತ್ರ ಮುಕ್ಕಾಗಿರಬಾರದು. ಇಷ್ಟು ತಿಳಿದುಕೊಂಡರೆ ನನ್ನ ವಿದ್ಯೆ ಅರ್ಧ ತಿಳಿದಂತೆ.

ಉಳಿದರ್ಧ ಹೇಳಿಕೊಡುವಂಥದಲ್ಲ. ಈಗಲೂ ಅಂಗಡಿಯಲ್ಲಿ ಹೊಸ ಪೊಟ್ಟಣ ಕಂಡರೆ ಕೊಳ್ಳುತ್ತೇನೆ. ಹೊಸಬರಲ್ಲಿ ಯಾರು ನಿಲ್ಲುತ್ತಾರೆ, ಯಾರು ಎರಡು ವರ್ಷ ಮೆರೆದು ಜಾಹೀರಾತಿಗೆ ಹೋಗುತ್ತಾರೆ ಎಂದು ಟಿವಿಯ ಮುಂದೆ ಕೂತು ಅಳೆಯುತ್ತೇನೆ. ನಾನು ರನ್ನು ನೋಡುವುದಿಲ್ಲ. ಕ್ಯಾಚು ಬಿಟ್ಟಾಗಿನ ಮುಖ ನೋಡುತ್ತೇನೆ. ಬಿಟ್ಟ ಮೇಲೆ ಕೈಯನ್ನೋ ಬಿಸಿಲನ್ನೋ ನೋಡುವವನ ಕಾರ್ಡು ಡಬ್ಬಿಯ ತಳಕ್ಕೆ. ಸುಮ್ಮನೆ ಚೆಂಡಿನ ಹಿಂದೆ ಓಡಿದವನದು ಮೇಲಕ್ಕೆ. ಮಹಿಳಾ ತಂಡದ ಇಬ್ಬರು ಹುಡುಗಿಯರನ್ನು ಈ ಲೆಕ್ಕದಲ್ಲೇ ಮೇಲಿಟ್ಟಿದ್ದೇನೆ, ನೋಡೋಣ. ಈ ಲೆಕ್ಕ ನಾನು ಕಲಿತದ್ದು ಎಲ್ಲಿಂದ ಎಂದು ಬೇರೆ ಹೇಳಬೇಕಾಗಿಲ್ಲ.

ನನ್ನ ಹೆಂಡತಿ ಬೀದರಿನವಳೇ, ಮಾತಿನಲ್ಲಿ ಯಾರಿಗೂ ಸೋಲುವವಳಲ್ಲ. ಊಟಕ್ಕೆ ಕೂತಾಗ ನಾನು ಕಾರ್ಡಿನ ಮೂಲೆ, ಅಂಚು, ಬಣ್ಣ ಎಂದು ಶುರುಮಾಡಿದರೆ ಆಕೆ ಸಾರು ಬಡಿಸುತ್ತ, “ಇಷ್ಟು ಮಂದಿ ಮನ್ಯಾಗ ಬಿಟ್ಟಿ ಇದ್ದಾರ. ಇವರ ಹೆಸರಿಲೆ ಒಂದು ರೇಷನ್ ಕಾರ್ಡರೆ ಮಾಡಸ್ರಿ, ಅಕ್ಕಿ ಬರ್ತಾವ” ಎನ್ನುತ್ತಿದ್ದಳು. ಬೀಗರು ಬಂದಾಗಲೂ ಇದೇ ಮಾತು. ಅವರು ನಗುತ್ತಿದ್ದರು, ನಾನೂ ನಗುತ್ತಿದ್ದೆ. ಒಳಗೆ ಮಾತ್ರ ಉರಿಯುತ್ತಿತ್ತು. ಒಂದೇ ಒಂದು ಸಲ ಈ ಕಾರ್ಡಿಗೆ ಬೆಲೆ ಬಂದು, ಅದು ಈಕೆಯ ಕಣ್ಣೆದುರೇ ಆಗಬೇಕು ಎಂಬುದು ನನ್ನ ಆಸೆ. ದುಡ್ಡಿಗಿಂತ ಹೆಚ್ಚಿನ ಆಸೆ ಅದು, ಸುಳ್ಳು ಹೇಳುವುದಿಲ್ಲ.

ಆ ತೆಳ್ಳನೆಯ ಹುಡುಗನ ಕಾರ್ಡು ಇದ್ದದ್ದು ಭಾಲ್ಕಿಯಲ್ಲಿ, ಅಕ್ಕನ ಬಳಿ. ಆಕೆಯನ್ನು ಅದೇ ಊರಿಗೆ ಕೊಟ್ಟಿದ್ದಾರೆ; ಮನೆಯಲ್ಲೇ ಬ್ಲೌಸ್ ಹೊಲಿಯುತ್ತಾಳೆ. ನಮ್ಮ ಬೀದರಿನ ಬಾಡಿಗೆ ಮನೆಯ ಗೋಡೆ ಮಳೆಗಾಲದಲ್ಲಿ ಬೆವರುತ್ತದೆ, ಕಾಗದ ಇಟ್ಟರೆ ಹುಳ ಹಿಡಿಯುತ್ತದೆ. ಅಕ್ಕನ ತಗಡಿನ ಟ್ರಂಕಿನಲ್ಲಿ ಬೇವಿನೆಲೆಯ ನಡುವೆ ರೇಷ್ಮೆ ಸೀರೆಗೂ ಏನೂ ಆಗಿಲ್ಲ. ಹಾಗಾಗಿ ಅದೊಂದನ್ನು ಅಲ್ಲಿಟ್ಟಿದ್ದೆ.

ಔರಾದಿನಲ್ಲಿ ನನಗೊಬ್ಬ ಗೆಳೆಯನಿದ್ದಾನೆ. ಮೊಬೈಲ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಮನೆಮಾತು ದಖನಿ ಉರ್ದು, ನನ್ನೊಡನೆ ಕನ್ನಡ. ಕಾರ್ಡಿನ ಹುಚ್ಚು ಅವನಿಗೂ ಇದೆ. ಒಂದು ದಿನ ಅವನು ಅಮೆರಿಕದ ಬೇಸ್‌ಬಾಲ್ ಕಾರ್ಡುಗಳ ವಿಡಿಯೊ ಕಳಿಸಿದ. ಅಲ್ಲಿ ಹಳೆಯ ಕಾರ್ಡೊಂದನ್ನು ಪರೀಕ್ಷೆಗೆ ಕಳಿಸುತ್ತಾರೆ. ಪರೀಕ್ಷೆ ಮಾಡುವವರು ಮೂಲೆ, ಅಂಚು ನೋಡಿ ಅಂಕ ಕೊಟ್ಟು, ಗಟ್ಟಿ ಪ್ಲಾಸ್ಟಿಕ್ಕಿನ ಡಬ್ಬಿಯಲ್ಲಿ ಸೀಲು ಮಾಡುತ್ತಾರೆ. ಹಾಗೆ ಸೀಲಾದ ಕಾರ್ಡಿಗೆ ಮನೆ ಕಟ್ಟಿಸುವಷ್ಟು ಬೆಲೆ. ವಿಡಿಯೊ ನೋಡಿದ ಮೇಲೆ ಬಂದ ಮೊದಲ ರಜೆಯಲ್ಲೇ ಭಾಲ್ಕಿಗೆ ಹೋಗಿ ನನ್ನ ಕಾರ್ಡು ತಂದು, ಔರಾದಿನ ಬಸ್ಸು ಹತ್ತಿದೆ.

ಅವನು ಮೊಬೈಲಿನ ಸಣ್ಣ ಬಿಡಿಭಾಗ ನೋಡುವ ಭೂತಗನ್ನಡಿಯ ದೀಪದ ಕೆಳಗೆ ಕಾರ್ಡು ಇಟ್ಟು, ಚಿಮಟದಲ್ಲಿ ಅಂಚು ಹಿಡಿದು, ನಾಲ್ಕೂ ಮೂಲೆ ನೋಡಿದ. ಅಂಗಡಿಗೆ ಬಂದ ಗಿರಾಕಿಯನ್ನು ಕೈಸನ್ನೆಯಲ್ಲೇ ಕೂಡಿಸಿದ.

“ಯಾರ್, ಇದು ನಿನ್ನೆ ಪೊಟ್ಣದಾಗಿಂದ ತೆಗದಂಗ ಅದ. ಮೂಲಿ ನೋಡು, ಸೂಜಿ! ಎಲ್ಲಿಟ್ಟಿದ್ದಿ?”

“ನಮ್ಮಕ್ಕನ ಟ್ರಂಕಿನಾಗ.”

“ನಿಮ್ಮಕ್ಕಗ ನಂದೊಂದು ಸಲಾಮ್ ಹೇಳು.”

ಹೈದರಾಬಾದಿನಲ್ಲಿ ಇಂಥವನ್ನು ಕೊಳ್ಳುವ ಒಬ್ಬರು ಅವನಿಗೆ ಪರಿಚಯ. ಫೋಟೊ ಕಳಿಸಿ ಕೇಳುತ್ತೇನೆ ಎಂದ. ನಾನು ಕಾರ್ಡನ್ನು ಮತ್ತೆ ಭಾಲ್ಕಿಗೆ ತಂದು ಅಕ್ಕನ ಕೈಗೆ ಕೊಟ್ಟೆ, ಕಟ್ಟೆಯ ಮೇಲೆ ಕೂತು ಎಲ್ಲ ಹೇಳಿದೆ. ಖುಷಿಯಲ್ಲಿ ಸ್ವಲ್ಪ ಉಬ್ಬಿಸಿಯೂ ಹೇಳಿರಬೇಕು. ದೊಡ್ಡ ದೊಡ್ಡ ಊರಿನಲ್ಲಿ ಒಳ್ಳೆಯ ಕಾರ್ಡನ್ನು ಪ್ಲಾಸ್ಟಿಕ್ಕಿನಲ್ಲಿ ಸೀಲು ಮಾಡುತ್ತಾರಂತೆ, ಮಾಡಿದ ಮೇಲೆ ಬೆಲೆ ಎಷ್ಟೋ ಪಟ್ಟು ಏರುತ್ತದಂತೆ ಎಂದೆ. ಬಂದದ್ದರಲ್ಲಿ ಅರ್ಧ ನಿನ್ನದು, ಹೊಲಿಗೆ ಯಂತ್ರಕ್ಕೆ ಮೋಟಾರು ಹಾಕಿಸು, ಕಾಲು ತುಳಿಯುವುದು ತಪ್ಪಲಿ ಎಂದೆ. ಅಕ್ಕ ಗುಂಡಿ ಹಚ್ಚುತ್ತಿದ್ದವಳು ಸೂಜಿ ನಿಲ್ಲಿಸಿ ಕೇಳಿದಳು. “ಪ್ಲಾಸ್ಟಿಕ್ಕಿನಾಗಾ?” ಎಂದು ಒಮ್ಮೆ ಕೇಳಿದ್ದೂ ನೆನಪಿದೆ. ಹೌದೆಂದೆ.

ಕೆಲವು ವಾರಗಳ ಮೇಲೆ ಔರಾದಿನವನ ಫೋನು ಬಂತು. ಹೈದರಾಬಾದಿನವರಿಗೆ ಫೋಟೊ ಮೆಚ್ಚುಗೆಯಾಗಿದೆ, ಭಾನುವಾರ ಕೋಟೆ ನೋಡಲು ಬೀದರಿಗೆ ಬರುವವರಿದ್ದಾರೆ, ಆಗ ಮನೆಗೇ ಬಂದು ಕಾರ್ಡು ನೋಡಿ ವ್ಯವಹಾರ ಮುಗಿಸುತ್ತಾರೆ ಎಂದ. ಅವರು ಹೇಳಿದ ಬೆಲೆ ಕೇಳಿ ನಾನು ಮೈಕಿನಲ್ಲಿ ಹುಮನಾಬಾದಿನ ಬಸ್ಸನ್ನು ಭಾಲ್ಕಿಯದೆಂದು ಕೂಗಿಬಿಟ್ಟೆ. ಮನೆಗೆ ಬಂದು ಹೆಂಡತಿಗೆ ಬೆಲೆ ಹೇಳಲಿಲ್ಲ; ಭಾನುವಾರ ಒಬ್ಬರು ಕಾರ್ಡು ಕೊಳ್ಳಲು ಬರುತ್ತಾರೆ ಎಂದಷ್ಟೇ ಹೇಳಿದೆ. ಆಕೆ ಹುಬ್ಬು ಏರಿಸಿದಳು. ಆದರೆ ಮೆಣಸಿನಕಾಯಿ ಭಜಿಗೆ ಹಿಟ್ಟು ಇದೆಯೋ ಇಲ್ಲವೋ ಎಂದು ಡಬ್ಬಿ ತೆಗೆದು ನೋಡಿದಳು.

ಶನಿವಾರ ಭಾಲ್ಕಿಗೆ ಹೋದೆ. ಅಕ್ಕ ನನ್ನನ್ನೇ ಕಾಯುತ್ತಿದ್ದಳು. ನೀರು ಕೊಟ್ಟು ಒಳಗೆ ಹೋಗಿ, ಹೊಸ ಬ್ಲೌಸ್ ಪೀಸಿನಲ್ಲಿ ಸುತ್ತಿದ ಗಂಟನ್ನು ತಂದು ನನ್ನ ಮಡಿಲಲ್ಲಿಟ್ಟಳು. ಬಿಚ್ಚಿದೆ.

ನಮ್ಮ ಕಡೆ ಒಂದು ಕಾಗದಕ್ಕೆ ಬೆಲೆಯಿದೆ ಎಂದರೆ ಅದಕ್ಕೆ ಲ್ಯಾಮಿನೇಷನ್ ಆಗಲೇಬೇಕು. ರೇಷನ್ ಕಾರ್ಡು, ಹೊಲದ ನಕ್ಷೆ, ಜಾತಿ ಪ್ರಮಾಣಪತ್ರ, ತೀರಿಹೋದ ಅಜ್ಜನ ಫೋಟೊ, ಯಾವುದನ್ನೂ ಬಿಡುವುದಿಲ್ಲ. ಮಾರ್ಕ್ಸ್ ಕಾರ್ಡಿಗೆ ಮಾತ್ರ ಮಾಡಿಸಬೇಡಿ ಎಂದು ಕಚೇರಿಯವರು ಎಷ್ಟು ಬೈದರೂ ಮಾಡಿಸಿಕೊಂಡೇ ಬರುತ್ತೇವೆ. ತಹಸೀಲಿನ ಎದುರು ಆ ಯಂತ್ರದವರಿಗೆ ಪುರುಸೊತ್ತಿರುವುದಿಲ್ಲ.

ನನ್ನ ಕಾರ್ಡಿಗೂ ಆಗಿತ್ತು. ಬಿಸಿ ಯಂತ್ರದಲ್ಲಿ ಹಾದು, ಅಂಟು ಕರಗಿ, ಆ ಹುಡುಗ ಪ್ಲಾಸ್ಟಿಕ್ಕಿನೊಳಗೆ ಮಿರಮಿರ ಮಿಂಚುತ್ತಿದ್ದ. ಮೊದಲು ಕಾರ್ಡಿನ ಬಿಳಿ ಅಂಚನ್ನು ಸಮ ಮಾಡಿ ಕತ್ತರಿಸಿದ್ದರು. ಆಮೇಲೆ ಕೈಗೆ ಚುಚ್ಚಬಾರದೆಂದು ನಾಲ್ಕೂ ಮೂಲೆಗಳನ್ನು ದುಂಡಗೆ ಮಾಡಿದ್ದರು.

“ಹ್ಯಾಂಗದ?” ಎಂದಳು ಅಕ್ಕ. “ನೀ ಹೇಳಿದ ಮ್ಯಾಲ ನಿದ್ದಿ ಬರಲಿಲ್ಲ ನಂಗ. ನೀ ಮರೀತಿ ಅಂತ ನಾನೇ ಹೋಗಿ ಮಾಡ್ಸೀನಿ. ದಪ್ಪಂದು ಹಾಕು, ಭಾಳ ಕಿಮ್ಮತ್ತಿನ ಕಾರ್ಡದ ಅಂತ ಹೇಳಿ ಎದುರಿಗೇ ನಿಂತು ಮಾಡ್ಸೀನಿ. ಇನ್ನ ನೀರು ಬಿದ್ರೂ ಏನಾಗಂಗಿಲ್ಲ ನೋಡು.”

ಸಿಟ್ಟು ಬಂತೇ ಎಂದರೆ ಬಂತು. ಯಾರ ಮೇಲೆ ಎಂದು ತಿಳಿಯದ ಸಿಟ್ಟು. ಪ್ಲಾಸ್ಟಿಕ್ಕು ಎಂದವನು ನಾನು. ಕಾರ್ಡಿಗೆ ಬಿಸಿ ತಾಗಬಾರದು, ಅಂಟು ತಾಗಬಾರದು, ಕತ್ತರಿ ತಾಗಿದರಂತೂ ಮುಗಿಯಿತು ಎಂದು ಆ ದಿನ ನನ್ನ ಬಾಯಲ್ಲಿ ಬರಲಿಲ್ಲ. ಅಕ್ಕ ನನ್ನ ಮುಖವನ್ನೇ ನೋಡುತ್ತಿದ್ದಳು, ಹಿಂದೆ ಪೊಟ್ಟಣ ಬಿಚ್ಚುವಾಗ ನೋಡುತ್ತಿದ್ದ ಹಾಗೆ.

“ಭಾಳ ಛಲೋ ಆಗ್ಯಾದ ಅಕ್ಕಾ,” ಎಂದೆ. “ನಂಗರೆ ಇಷ್ಟು ಛಲೋ ಮಾಡ್ಸಾಕ ಆಗ್ತಿರಲಿಲ್ಲ.”

ಆಕೆ ಆ ದಿನ ಹೋಳಿಗೆ ಮಾಡಿದ್ದಳು. ತಿಂದೆ.

ಬಸ್ಸಿನಲ್ಲಿ ಕೂತು ಔರಾದಿನವನಿಗೆ ಫೋಟೊ ಕಳಿಸಿದೆ. ಹಲಬರ್ಗಾ ದಾಟಿದ ಮೇಲೆ ಫೋನು ಬಂತು. “ಖೇಲ್ ಖತಂ, ಯಾರ್,” ಎಂದ. “ಅವರಿಗಿ ಬರಬ್ಯಾಡ್ರಿ ಅಂತ ಹೇಳ್ತೇನಿ.” ಆಮೇಲೆ, “ಅಕ್ಕಗ ಏನಾರ ಅಂದಿಯೇನು?” ಎಂದು ಕೇಳಿದ. ಇಲ್ಲ ಎಂದೆ. “ಶುಕರ್ ಹೈ, ಛಲೋ ಮಾಡಿದಿ,” ಎಂದು ಫೋನಿಟ್ಟುಬಿಟ್ಟ.

ಭಾನುವಾರ ಯಾರೂ ಬರಲಿಲ್ಲ. ಅವರಿಗೆ ಬೇರೆ ಕೆಲಸ ಬಿತ್ತಂತೆ ಎಂದು ಹೆಂಡತಿಗೆ ಹೇಳಿದೆ. ನಿಜ ಹೇಳಿದ್ದರೆ ನನ್ನ ಮರ್ಯಾದೆ ಉಳಿಯುತ್ತಿತ್ತು. ಕಾರ್ಡಿಗೆ ಬೆಲೆ ಇತ್ತು ಎಂಬುದಾದರೂ ಸಾಬೀತಾಗುತ್ತಿತ್ತು. ಆದರೆ ಈಕೆಯೂ ಅಕ್ಕನೂ ದಿನಾ ಫೋನಿನಲ್ಲಿ ಮಾತಾಡುತ್ತಾರೆ. ಇಲ್ಲಿ ಸಾಸಿವೆ ಸಿಡಿದರೆ ಭಾಲ್ಕಿಗೆ ಕೇಳಿಸುತ್ತದೆ. ಆಕೆ ಬಿಸಿ ಭಜಿಗಳನ್ನು ನನ್ನ ಮುಂದಿಟ್ಟು, “ತಿನ್ರಿ, ನಿಮ್ಮ ಟೀಮಿಗೂ ಕೊಡ್ರಿ” ಎಂದು ನಕ್ಕಳು. ನಾನು ಕಾರ್ಡನ್ನು ಡಬ್ಬಿಯ ತಳದಲ್ಲಿ ಹಾಕಿ ಮುಚ್ಚಿದೆ.

ಮುಂದಿನ ವಾರ ಅಕ್ಕ ಕಣ್ಣು ತೋರಿಸಿಕೊಳ್ಳಲು ಬೀದರಿಗೆ ಬಂದಳು. ಚಹಾದ ಬಟ್ಟಲು ಕೈಗೆ ಬರುವ ಮೊದಲೇ, “ಬರಲಿಲ್ಲಂತಲ್ಲ, ಆಮ್ಯಾಲ ಏನಂದ್ರು ಹೈದರಾಬಾದಿನವರು? ತಾ, ನಿನ್ನ ಹೆಂಡ್ತಿಗಿ ತೋರಸ್ತೇನಿ, ಹ್ಯಾಂಗ ಮಾಡ್ಸೀನಿ ಅಂತ” ಎಂದಳು. ತರದೆ ದಾರಿಯಿರಲಿಲ್ಲ. ಹೆಂಡತಿ ಕೈಯೊರೆಸಿಕೊಂಡು ಕಾರ್ಡು ತೆಗೆದುಕೊಂಡಳು. ಮುಂದೆ ನೋಡಿದಳು, ಹಿಂದೆ ನೋಡಿದಳು. ದುಂಡಗಾದ ಒಂದು ಮೂಲೆಯ ಮೇಲೆ ಹೆಬ್ಬೆರಳು ಆಡಿಸಿದಳು.

“ಬೆಲಿ ಇಲ್ಲಂತ ಅಕ್ಕಾ,” ಎಂದೆ ನಾನು. “ಭಾಳ ಮಂದಿ ಹತ್ರ ಅದಂತ ಆ ಕಾರ್ಡು. ನಂದೇ ಲೆಕ್ಕ ತಪ್ಪಿತು.”

ಹೇಳಿ ಹೆಂಡತಿಯ ನಗುವಿಗೆ ಕಾದೆ. ಆಕೆ ಇಷ್ಟು ವರ್ಷ ಕಾದು ಕೂತಿದ್ದ ಮಾತನ್ನು ನಾನೇ ಆಕೆಯ ಕೈಗೆ ಕೊಟ್ಟಿದ್ದೆ. ಆಕೆ ನಗಲಿಲ್ಲ. ಸಿಟ್ಟಾದವಳು ಅಕ್ಕ.

“ಅವರಿಗೇನು ತಿಳೀತದ! ಇಂವನ ಮಾರಿ ನೋಡಿ ಹೇಳಾಕಿ ನಾ. ಇನ್ನೂ ಇಟ್ರ ಇನ್ನೂ ಬೆಲಿ ಬರ್ತದ. ಕೊಡು ಇಲ್ಲಿ, ನನ್ನ ಟ್ರಂಕಿನಾಗೇ ಇರಲಿ.”

“ಹೌದ್ರಿ ಅಕ್ಕಾ, ನಿಮ್ಮ ಹತ್ರನೇ ಇರಲಿ,” ಎಂದಳು ಹೆಂಡತಿ. “ಭಾಳ ಛಲೋ ಮಾಡ್ಸೀರಿ.” ಕಾರ್ಡನ್ನು ಸೆರಗಿನಲ್ಲಿ ಒರೆಸಿ ಅಕ್ಕನ ಚೀಲದಲ್ಲಿ ತಾನೇ ಇಟ್ಟಳು.

ಸಂಜೆ ಅಕ್ಕನನ್ನು ಭಾಲ್ಕಿಯ ಬಸ್ಸಿಗೆ ಹತ್ತಿಸಿ, ಕಿಟಕಿಯ ಪಕ್ಕದ ಸೀಟು ಕೊಡಿಸಿ ಮನೆಗೆ ಬಂದೆ. ಹೆಂಡತಿ ಮೊರದಲ್ಲಿ ತೊಗರಿಬೇಳೆ ಆರಿಸುತ್ತಿದ್ದಳು. ನಾನು ಚಪ್ಪಲಿ ಬಿಡುವಾಗ ತಲೆ ಎತ್ತದೆ ಹೇಳಿದಳು:

“ಅಂಚು ಕತ್ತರಿಸ್ಯಾರ, ಮೂಲಿ ಹೋಗ್ಯಾವ, ಅಂಟು ಹತ್ಯಾದ. ಇನ್ನ ಅದಕ್ಕ ಬೆಲಿ ಎಲ್ಲಿಂದ ಬರ್ತದರಿ?”

ನಾನು ಬಾಗಿಲಲ್ಲೇ ನಿಂತೆ. “ನಿಂಗಿದೆಲ್ಲ ಯಾರು ಹೇಳ್ಯಾರ?”

“ಯಾರು ಹೇಳ್ತಾರ್ರಿ? ಮದುವ್ಯಾದಾಗಿಂದ ಊಟಕ್ಕ ಕೂತಾಗೆಲ್ಲ ನೀವು ಮತ್ತೇನು ಹೇಳೀರಿ?”

ಆಕೆಯ ಬೆರಳು ಬೇಳೆಯಲ್ಲಿ ಓಡಾಡುತ್ತಿತ್ತು. ಒಂದು ಕಲ್ಲು ಸಿಕ್ಕಿತು, ಪಕ್ಕಕ್ಕೆ ಹಾಕಿದಳು.

“ಖರೇ ಹೇಳ್ರಿ, ಎಷ್ಟಂದಿದ್ರು?”

ಹೇಳಿದೆ. ಬೆರಳು ನಿಂತಿತು. ಆಮೇಲೆ ಮತ್ತೆ ಬೇಳೆ ಆರಿಸತೊಡಗಿ, ಮೆಲ್ಲಗೆ ಹೇಳಿದಳು:

“ಅಕ್ಕಗ ಎಂದೂ ಹೇಳಬ್ಯಾಡ್ರಿ.”